ಎರಡನೇ ಸೀಟಿ

ಹಂಗ್ಯಾಕ ನೋಡ್ತಿ? ನಾ ಇನ್ನೂ ಸತ್ತಿಲ್ಲಪಾ! ಪೇಪರಿನಾಗ ಬರದಿದ್ರು, ಹೌದು… ‘ಡೈರೆಕ್ಟರ್ ಉಲ್ಲಾಸಕುಮಾರನ ಕಥಿ ಮುಗೀತು’ ಅಂತ. ಮುಗದಿದ್ದು ಪಿಚ್ಚರು, ನಾ ಅಲ್ಲ. ನೋಡು, ಹಳಿಯಾಳದ ತಗಡಿನ ಟಾಕೀಸಿನಾಗ, ನಿನ್ನ ಮಷೀನಿನ ಮುಂದ, ಜೀವಂತ ನಿಂತೀನಿ. ಕುಂದ್ರಾಕ ಏನರ ಕೊಡು… ಬ್ಯಾಡ ಬಿಡು, ಈ ರೀಲಿನ ಡಬ್ಬಿ ಮ್ಯಾಲ ಕುಂದರ್ತೀನಿ.

ಆಪರೇಟರ್ ಲುಯಿಸ್ ಅಂದ್ರ ನೀನ ಹೌದಲ್ಲ? ನಿಮ್ಮ ಮಾಲಕರು ಕರಿಬಸಪ್ಪ ಹೇಳಿ ಕಳಿಸ್ಯಾರ. “ಪ್ರಿಂಟು ಲುಯಿಸನ ಕಡೆ ಐತ್ರಿ, ಅವ ಕೊಟ್ರ ಒಯ್ರಿ” ಅಂದ್ರು. ನನಗ ನಗಿ ಬಂತು! ನಾ ತಗದ ಪಿಚ್ಚರು, ನಾ ಆಪರೇಟರನ ಮುಂದ ಕೈ ಚಾಚಬೇಕಂತ! ಇರಲಿ… ಚಾಚತೇನಿ. ಪೂರಾ ಪಿಚ್ಚರ ಬ್ಯಾಡಪಾ. ಒಂದ ರೀಲು. ಒಂಬತ್ತನೇ ರೀಲು, ಹೊಳಿ ಸೀನು ಇರೂದು. ಕೊಟ್ಟಬಿಡು, ನಾಕ ಗಂಟೆ ಬಸ್ಸಿಗೆ ಹುಬ್ಬಳ್ಳಿಗೆ ಹೋಗಬೇಕು ನಾನು.

ಮಾತಾಡವಲ್ಲಿ. ನನಗ ಕನ್ನಡ ಬರೂದಿಲ್ಲ ಅನಕೊಂಡಿಯೇನು? ಮದ್ರಾಸಿನಾಗ ನಾ ಉಲ್ಲಾಸಕುಮಾರ, ಇಲ್ಲೆ ಮುಂಡಗೋಡ ಸನವಳ್ಳಿ ದ್ಯಾಮಪ್ಪನ ಮಗ ಉಳವಪ್ಪ! ಹದಿನಾರ ವರ್ಷಕ್ಕ ಮನಿ ಬಿಟ್ಟು ಓಡಿ ಹೋದೆ. ನಾಟಕ ಕಂಪನ್ಯಾಗ ಪಡದಿ ಜಗ್ಗಿದೆ. ಮದ್ರಾಸಿನಾಗ ಲೈಟ್ ಹೊತ್ತೆ. ಎರಡ ಸಣ್ಣ ಪಿಚ್ಚರ ತಗದೆ, ಎರಡೂ ಓಡಿದ್ವು. ಮೂರನೇದು ‘ಕಾಳಿಗಡದ ದೊರೆ’… ಮುನ್ನೂರ ಮಂದಿ! ನಾಕ ಆನಿ! ಇಪ್ಪತ್ತೆರಡ ತೆಪ್ಪ! ದಾಂಡೇಲಿ ಅಡವ್ಯಾಗ ಅರವತ್ತು ದಿವಸ! ಕನ್ನಡದಾಗ ಅಂಥಾದ್ದು ಯಾವ ಮಗ ಮಾಡಿದ್ದಾ ಅಲ್ಲೀ ತನಕ?

ಹುಬ್ಬಳ್ಯಾಗ ನಾಕ ದಿನ ಓಡ್ತು. ನಾಕ! ಐದನೇ ದಿನ ಹೋಗಿ ನೋಡ್ತೀನಿ, ನನ್ನ ಪೋಸ್ಟರ್ ಮ್ಯಾಲ ಮತ್ತೊಬ್ಬಂದು ಅಂಟಿಸಿ ಬಿಟ್ಟಾರ. ಆನಿ ಸೊಂಡಿಲಷ್ಟ ಹೊರಗ ಕಾಣ್ತಿತ್ತು. ನಗು ಬೇಕಾದ್ರ… ಎಲ್ಲಾರೂ ನಕ್ಕಾರ, ನೀ ಒಬ್ಬಾವ ಯಾಕ ಬಿಡ್ತಿ?

ಪಿಚ್ಚರ ಬಿದ್ದ ಡೈರೆಕ್ಟರಂದ್ರ ಏನು ಗೊತ್ತೈತೇನು ನಿನಗ? ಸ್ಟುಡಿಯೋ ಗೇಟಿನಾಗ ದಿನಾ ಸಲಾಮ್ ಹೊಡಿಯಾಂವ “ಯಾರ ಬೇಕಾಗಿತ್ತು?” ಅಂತ ಕೇಳ್ತಾನ. ಹೋಟೆಲಿನಾಗ ನಾ ಹ್ವಾದ ಕೂಡ್ಲೆ ಮೇಜಿನ ಮಂದಿ ಚಹಾ ಅರ್ಧಕ್ಕ ಬಿಟ್ಟು ಏಳ್ತಾರ, ಸಾಲಾ ಕೇಳಾಕ ಬಂದ್ನೋ ಏನೋ ಅಂತ. ನಮ್ಮ ಹೀರೊ… ಹೊಳ್ಯಾಗ ಮೊಣಕಾಲ ಮ್ಯಾಲ ಒಂದ ಬೆರಳ ಇಳೀಲಿಲ್ಲ ಆ ಮಗ! “ನೀರ ತಣ್ಣಗೈತ್ರಿ, ಧ್ವನಿ ಹೋಗತೈತಿ” ಅಂದಾ. ಪಿಚ್ಚರ ಬಿದ್ದ ಮ್ಯಾಲ ಊರೂರ ಹೇಳಕೊಂತ ಹ್ವಾದಾ, “ಡೈರೆಕ್ಟರಗ ಕೆಲಸ ಬರೂದಿಲ್ಲ, ಆನಿ ಕಂಡ್ರ ತಲಿ ಕೆಡತೈತಿ ಅವಗ” ಅಂತ. ಅವನ್ನ ಬಿಡೂದಿಲ್ಲ ನಾನು! ಮುಂದಿನ ಪಿಚ್ಚರಿಗೆ ನಾನ ಕರಸ್ತೇನಿ. ಬಾಗಲದಾಗ ಮೂರ ತಾಸ ಕುಂದರಸ್ತೇನಿ. ಆಮ್ಯಾಲೆ ಒಳಗ ಕರದು ಪಾರ್ಟ್ ಕೊಡ್ತೇನಿ… ಯಾವ ಪಾರ್ಟು? ಹೆಣದ ಪಾರ್ಟು! ಮೈತುಂಬ ಬಿಳೇ ಅರಿವಿ ಹೊದಿಸಿ, ಮುಖಾ ಸುದ್ದಾ ತೋರಸೂದಿಲ್ಲ!

ಯಾಕಪಾ, ಹೆಣ ಅಂದ ಕೂಡ್ಲೆ ಮುಖಾ ಹಂಗ್ಯಾಕ ಮಾಡ್ತಿ? ಚಾಷ್ಟಿ ಮಾಡಿದೆ.

ಪಿಚ್ಚರಿಗೆ ರೊಕ್ಕಾ ಹಾಕಿದ ಮದ್ರಾಸಿನ ಸಾವಕಾರ ಅವಗಿಂತ ಕಡಿ. ಉಳದ ಪ್ರಿಂಟೆಲ್ಲಾ ಫಿಲ್ಮು ಕರಗಿಸಿ ಕೈಬಳಿ ಮಾಡಾವ್ರಿಗೆ ತೂಗಿ ಕೊಟ್ಟಾ! ನನ್ನ ಅರವತ್ತು ದಿವಸ ಈಗ ಯಾರ್ಯಾರದೋ ಕೈಯಾಗ ಗಲಗಲ ಅನ್ನಾಕತ್ತೈತಿ. ನೆಗೆಟಿವ್ ಐತಿ, ಲ್ಯಾಬಿನಾಗ ಬೀಗ ಹಾಕಿ ಕುಂತಾರ, ನನ್ನ ಒಳಗ ಬಿಡೂದಿಲ್ಲ. ಇಡೀ ದೇಶದಾಗ ಉಳದಿದ್ದು ನಿನ್ನ ಕಡೆ ಇರೂ ಇದೊಂದ. ಅದಕ್ಕ ಬಂದೇನಿ. ಮುಂಬಯಿಂದ ಒಬ್ಬ ಶೇಠ ಹುಬ್ಬಳ್ಳಿಗೆ ಬಂದಾನ. ಬಣ್ಣದ ಹಿಂದಿ ಪಿಚ್ಚರ, ಸಮುದ್ರದ ಮ್ಯಾಲಿನ ಯುದ್ಧ. “ನೀರಾಗ ಕೆಲಸ ಮಾಡಿದಾಂವ ಬೇಕು” ಅಂತಾನ. ನಾಳೆ ಮುಂಜಾನೆ ಹತ್ತಕ್ಕ ಈ ರೀಲು ಅವಗ ತೋರಸಬೇಕು. ತೋರಿಸಿದೆ ಅಂದ್ರ ಪಿಚ್ಚರು ನಂದು! ಹೀರೊ, ಸಾವಕಾರ, ಪೇಪರಿನಾಂವ, ಎಲ್ಲಾರೂ ನನ್ನ ಬಾಗಲದಾಗ! ತೋರಸಲಿಲ್ಲ ಅಂದ್ರ… ಸನವಳ್ಳಿಗೆ ಹೋಗಿ ಎಮ್ಮಿ ಕಾಯೂದು. ತಿಳೀತ?

ಒಂದ ಮಾತು ನನಗ ಬಗೀಹರೀವಲ್ದು ನೋಡು. ಹುಬ್ಬಳ್ಯಾಗ ನಾಕ ದಿನ ಓಡಿದ್ದು ಇಲ್ಲೆ ಹೆಂಗ ಐದ ವಾರ ಓಡ್ತು? ಕರಿಬಸಪ್ಪ ಅಂದ್ರು, ಜೋಯಿಡಾ ಕಡಿಂದ ಸಿದ್ದಿ ಮಂದಿ ಅಡವಿ ಹಿಡದು ನಡಕೊಂತ ಬರ್ತಿದ್ರಂತ. ಹೆಂಗಸ್ರು, ಮುದುಕ್ರು, ಎಲ್ಲಾ. ಒಂಬತ್ತನೇ ರೀಲು ಮುಗದ ಕೂಡ್ಲೆ ಎದ್ದು ಹೋಗತಿದ್ರಂತ, ಮುಂದಿಂದು ನೋಡತಿದ್ದಿಲ್ಲಂತ. ಅಲಾ ಇವ್ರ! ಪೇಪರಿನವ್ರಿಗೆ ತಿಳೀಲಿಲ್ಲ, ಇವ್ರಿಗೆ ತಿಳೀತು ನೋಡು ಯಾವ ಸೀನಿನಾಗ ಜೀವ ಐತಿ ಅಂತ! ನೀನೂ ಆ ಕಡಿಯಾಂವ ಅಲ್ಲ? ಯಾವ ಊರು? …ಹೇಳಬ್ಯಾಡ ಬಿಡು.

ಅರೆ… ಮಷೀನಿಗೆ ರೀಲು ಆಗಲೇ ಏರಿಸಿ ಇಟ್ಟೀದಿ? ಒಂಬತ್ತನೇದ? ಅಂದ್ರ ನಾ ಬರೂದು ನಿನಗ ಗೊತ್ತಿತ್ತು! ಶಾಣ್ಯಾ ಇದ್ದಿ. ಹಚ್ಚು, ಹಚ್ಚು, ನಾನೂ ನೋಡಿ ಒಂದ ವರ್ಷ ಆತು. ಈ ತೂತಿನಾಗ ಹಾಯ್ಸಿ ನೋಡ್ತೇನಿ… ಹಾಂ! ಬಂತು!

ನೋಡು, ನೋಡು ಆ ತೆಪ್ಪ! ಹೆಂಗ ಬರಾಕತ್ತಾವ! ಆವತ್ತ ಹೊಳಿ ತುಂಬಿ ಹೊಂಟಿತ್ತು. ದೀಪಾವಳಿ ನಾಕ ದಿನ ಇತ್ತು, ಮ್ಯಾಲ ಎಲ್ಲೋ ಮಳಿ ಆಗಿತ್ತು. “ಬ್ಯಾಡ್ರಿ, ಇವತ್ತ ನೀರಿಗೆ ಸೆಳವು ಭಾಳ ಐತಿ” ಅಂದ್ರು ತೆಪ್ಪದ ಮಂದಿ. ಸೆಳವು ಬೇಕಂತನ ಅಲ್ಲೇನು ನಾವು ಬಂದದ್ದು! ಅಗದಿ ಮುಂದ ನಿಂತಾನ ನೋಡು, ಎತ್ತರದ ಸಿಪಾಯಿ… ಬಾಣ ಬಡೀತು… ಬಿದ್ದಾ! ಹೆಂಗ ಬಿದ್ದಾ! ಎಂಥಾ ಆ್ಯಕ್ಟರೂ ಹಂಗ ಬೀಳಾಂಗಿಲ್ಲ.

ಏನು? ಯಾಕ ಬೊಟ್ಟು ಮಾಡಿ ತೋರಸ್ತಿ? ನೀರಾಗ ಕಾಣೂದೇನು? ಅದು ಗೊಂಬಿಪಾ. ಬಿದ್ದ ಮ್ಯಾಲ ಶಾಟ್ ಬದ್ಲಿ ಮಾಡಿ ಗೊಂಬಿ ಬಿಟ್ಟೇವಿ, ಹುಲ್ಲ ತುಂಬಿ. ಹುಬ್ಬಳ್ಳಿ ಪೇಪರಿನವ್ರಿಗೂ ಹಂಗ ಹೇಳೇನಿ.

…ಕೈ? ಸೆಳವಿಗೆ ಎದ್ದಿರತೈತಿ. ಹುಲ್ಲು ಹಗರ ಅಲ್ಲ?

…ಹೂಂ, ಎರಡನೇ ಸಲಾನೂ ಎದ್ದೈತಿ. ಅದಕ್ಕೇನೀಗ?

ಬೆರಳ ಬಿಡಿಸಿದ್ದು ಕಾಣತೈತಿ ಅಂತೀಯೇನು. ನೀ ಅನ್ನಲಿಲ್ಲ, ನಿನ್ನ ಕಣ್ಣ ಅನ್ನಾಕತ್ತಾವ. ಐದ ವಾರ, ದಿನಾ ಎರಡ ಆಟ… ನಿನಗ ಎಲ್ಲಾ ಬಾಯಿಪಾಠ ಆಗಿರಬೇಕು. ಆತಪಾ, ಗೊಂಬಿ ಅಲ್ಲ! ಮನಶ್ಯಾನ. ಯಾವನೋ ಒಬ್ಬ ಎಕ್ಸ್ಟ್ರಾ. ಹೆಸರು ಗೊತ್ತಿಲ್ಲ ನನಗ. ಮುನ್ನೂರ ಮಂದ್ಯಾಗ ಎಷ್ಟ ಮಂದಿ ಹೆಸರ ನೆನಪಿಡ್ಲಿ? ಅವ ಈ ಸೀನಿನಾಗ ಸತ್ತಿಲ್ಲ. ಪ್ಯಾಕಪ್ ಆದ ಮ್ಯಾಲ ಕುಡದು, ಕಂಪನಿ ತಗಡಿನ ಕವಚ ಕದ್ದು ಮಾರಾಕ ಹೊಂಟಾಗ ಕಾಲ ಜಾರಿ ಬಿದ್ದಾ. ಹೊಳಿ ಕೆಳಗ ಮೌಳಂಗಿ ಹತ್ರ ಎರಡ ದಿನಕ್ಕ ಹೆಣ ಸಿಕ್ಕಾಗ ಕವಚ ಮೈಮ್ಯಾಲ ಇತ್ತಲ್ಲ! ಎಲ್ಲಾರ್ಗೂ ಹಂಗ ಹೇಳೇವಿ, ಎಲ್ಲಾರೂ ಒಪ್ಯಾರ. ಹಳೇ ಮಾತು. ಈಗ್ಯಾಕ…

ಏ! ಮಷೀನ್ ಯಾಕ ನಿಲ್ಲಿಸಿದಿ? ಪಡದಿ ಮ್ಯಾಲ ಅವ ಹಂಗ ನಿಂತ ನೋಡು, ಮೂರನೇ ಸಲ ಕೈ ಎತ್ತಿ… ಬೆಳಕಿಗೆ ಅಡ್ಡ ಬೀಳೂ ತಗಡ ಬಿಡೋ! ಅದನ್ಯಾಕ ಕೈಯಿಂದ ಎತ್ತಿ ಹಿಡದಿ? ಸುಡತೈತಿ! ರೀಲು ಸುಡತೈತೋ ಹುಚ್ಚಾ, ಓಡಸು! ನೋಡು, ಅಂಚಿಗೆ ಕೆಂಪ ಆಗಾಕತ್ತೈತಿ! ನನ್ನ ನಾಳೆ ಸುಡತೈತಿ ಅಲ್ಲೆ, ಕಾಣೂದಿಲ್ಲೇನು?

ಹ್ವಾತು… ರೀಲಿನಾಗಿನ ಒಂದ ಚಿತ್ರ ಹ್ವಾತು. ಹೋಗ್ಲಿ. ಕತ್ತರಿಸಿ ಅಂಟಸ್ತೇನಿ. ಈಗರ… ಅಯ್ಯ, ಮುಂದಿಂದೂ ತಿರುವಿ ಹಿಡದ್ಯಲ್ಲೋ! ಒಂದೊಂದ ಸುಡಾವೇನು ನೀ? ಏನ ಬೇಕು ನಿನಗ, ಬಾಯಿಬಿಟ್ಟು ಹೇಳು! ಮದ್ರಾಸಿನಾಗ ಕೆಲಸ ಕೊಡಸ್ಲಿ? ಮುಂಬಯಿಗೆ ಕರಕೊಂಡ ಹೋಗ್ಲಿ? ಕವಚ ಕದ್ದಿಲ್ಲ ಅನ್ನಬೇಕೇನು? ಅಂತೇನಿ! ಕದ್ದಿಲ್ಲ! ಕುಡದಿರಲಿಲ್ಲ! ಅವ ಕುಡೀತಿದ್ದಿಲ್ಲ, ಅಡಗಿಯವ್ರು ಚಹಾ ಕೊಟ್ರೂ ಸಕ್ರಿ ಬ್ಯಾಡ ಅಂತಿದ್ದಾ… ಕವಚ ನಾವ ಹಾಕಿದ್ದು, ಹಿಂದಿನ ಗುಂಡಿ ನಾನ ಬಿಗದಿದ್ದು. ಸಾಕ? ಓಡಸು!

ಓಡಸವಲ್ಲಿ. ಆತು, ಶೂಟಿಂಗಿನಾಗ ಸತ್ತಾ. ಆದ್ರ ತಪ್ಪ ನನ್ನೊಬ್ಬಂದ ಏನು? ಸೊಂಟಕ್ಕ ಹಗ್ಗಾ ಕಟ್ಟಿದ್ವಿ. ದಂಡಿ ಮ್ಯಾಲ ಹಗ್ಗಾ ಹಿಡದಾವ ಇದ್ದಾ. ಹೊಳಿ ಸಪ್ಪಳಕ್ಕ ನನ್ನ ಮಾತ ಕೇಳೂದಿಲ್ಲ ಅಂತ ಸೀಟಿ ಇಟ್ಟಿದ್ವಿ. ಒಂದ ಸೀಟಿಗೆ ಬೀಳಬೇಕು, ಎರಡನೇ ಸೀಟಿಗೆ ಜಗ್ಗಬೇಕು. ಹಗ್ಗಾ ಹಿಡದಾಂವ ಎರಡನೇ ಸೀಟಿ ದಾರಿ ನೋಡಕೊಂತ ನಿಂತ ಬಿಟ್ಟಾ! ಅವನೂ ನಿಮ್ಮ ಸಿದ್ದಿಯಾವನ, ಕಟಗೀ ಕೆಲಸದ ಮಂದಿ ನೀವು… ಗುಡ್ಡದ ಮ್ಯಾಲಿಂದ ದಿಮ್ಮಿ ಉಳ್ಳಸೂ ಮುಂದ ಎರಡನೇ ಸೀಟಿ ಕೇಳೂ ತನಕ ಯಾರೂ ಕೈ ಕದಲಸೂದಿಲ್ಲ, ಕದಲಿಸಿದ್ರ ಕೆಳಗಿನಾವ ಸಾಯತಾನ ಅಂತ ಕಲತಿರತೀರಿ. ಆದ್ರ ಇದು ದಿಮ್ಮಿ ಅಲ್ಲಲ್ಲ? ಕಣ್ಣ ಇದ್ದಿಲ್ಲೇನು ಅವಗ? ಕೈ ಎತ್ತಿದ್ದು ಕಾಣಲಿಲ್ಲೇನು? ಅವನ ಜಗ್ಗಬಹುದಿತ್ತು! ಅವನ್ನ ಹೋಗಿ ಕೇಳು!

…ಏನಿದು? ಅಂಗೈ ಯಾಕ ತೋರಸ್ತಿ?

ಎರಡೂ ಅಂಗೈ… ಹಗ್ಗಾ ಎಳಕೊಂಡ ಹ್ವಾದ ಗಾಯ. ಇಷ್ಟ ಆಳ…

ನೀ… ನೀನ? ದಂಡಿ ಮ್ಯಾಲ ಇದ್ದಾಂವ? ಗಡ್ಡ ಇದ್ದಿಲ್ಲ ನಿನಗ ಆವಾಗ. ಕಡೀಕ ಜಗ್ಗಿದಿ ನೀ, ಸೀಟಿ ಇಲ್ಲದ ಜಗ್ಗಿದಿ, ಅಷ್ಟರಾಗ ಹಗ್ಗಾ ಹರಕೊಂಡ ಹ್ವಾತು… ನೋಡೇನಿ ನಾ ಅದನ್ನ. ಪಡದಿ ಮ್ಯಾಲಿನ ಮುಖಾ, ನಿನ್ನ ಮುಖಾ… ಅದ ಹಣಿ. ತಮ್ಮ ಅಲ್ಲ ಅವ ನಿನಗ? ಲುಯಿಸ್, ನಿನ್ನ ತಮ್ಮಂದೋ ಅದು! ಅವಂದಂತ ಉಳದದ್ದ ಅಷ್ಟ! ನಿಮ್ಮವ್ವ ನೋಡಾಕ ಅಷ್ಟ ದೂರಿಂದ ನಡಕೊಂತ ಬಂದಿರಬೇಕು ಅದನ್ನ… ಸುಡಬ್ಯಾಡೋ. ನಾ ಒಯ್ಯೂದಿಲ್ಲ. ಶೇಠ ಹಾಳಾಗಿ ಹೋಗ್ಲಿ. ಮಷೀನ್ ಓಡಸು, ಅವ ಮುಳಗಲಿ, ಮುಗೀಲಿ… ಹಿಂಗ ಕೈ ಎತ್ತಿ ನಿಂದರಸಬ್ಯಾಡ ಅವನ್ನ!

ಯಾತರ ದಾರಿ ನೋಡ್ತಿ?

…ಸೀಟಿ? ಎರಡನೇ ಸೀಟಿ?

ಸೀಟಿ ನನ್ನ ಕಡೆ ಇದ್ದಿಲ್ಲೋ. ಅಸಿಸ್ಟಂಟನ ಕಡೆ ಇತ್ತು, ಅವ ನೀರಾಗ ಕೆಡವಿದ್ದಾ… ಹಂಗ ನೋಡಬ್ಯಾಡ. ಕೆಡವಲಿಲ್ಲ. ಹೊಡೀತೇನಿ, ತಡಿ, ಬಾಯಿಲೇ ಹೊಡೀತೇನಿ… ಫೂ… ಬರವಲ್ದು. ತುಟಿ ಒಣಗ್ಯಾವ. ಫೂ… ಮತ್ತೊಂದ ಚಿತ್ರ ಸುಟ್ಟಿತಲ್ಲೋ… ಜಗ್ಗೋ ಲುಯಿಸ್, ಸೀಟಿ ಇಲ್ಲದ ಜಗ್ಗೋ! ಕಾಯತಾನ್! ಮ್ಯಾಲ ಬಾರೋ ಕಾಯತಾನ್!

…ಹೂಂ. ಗೊತ್ತಿತ್ತು ನಿನ್ನ ತಮ್ಮನ ಹೆಸರು, ಕಾಯತಾನ್ ಅಂತ.

ಸೀಟಿ ನನ್ನ ಬಾಯಾಗ ಇತ್ತು. ಮೂರೂ ಸಲ ಕೈ ಎತ್ತಿದಾಗ ನನ್ನ ಬಾಯಾಗ ಇತ್ತು. ಶಾಟ್ ಭಾಳ ಛಲೋ ಬರಾಕತ್ತಿತ್ತು.