ಪಾಠದಲ್ಲಿಲ್ಲದ ಸೇತುವೆ

...ಬೇಡ ಬೇಡ, ಒಳಗೆ ಬರಲ್ಲ ಮಿಸ್ ಇಡೆಲ್ಲಾ. ಇಲ್ಲೇ, ಜಗಲಿ ಮೇಲೇ ಚೆನ್ನಾಗಿದೆ. ನೀವು ಅಲಸಂದೆ ಬಿಡಿಸ್ತಾ ಇರಿ, ನನಗೋಸ್ಕರ ನಿಲ್ಲಿಸಬೇಡಿ. ಐದೇ ನಿಮಿಷ. ನಿಮ್ಮ ಮೊಮ್ಮಗಳ ಈ ಡಬ್ಬ ಕೊಟ್ಟು ಹೊರಟ್ಬಿಡ್ತೀನಿ. ಸ್ಕೂಲಲ್ಲಿ ಅವಳ ಬೀರುವಿನಲ್ಲೇ ಉಳಿದಿತ್ತು. ಎರಡು ಪುಸ್ತಕ, ಬಾಚಣಿಗೆ, ಒಂದು ಸ್ವೆಟರ್...

ಯಾಕೆ ನಗ್ತೀರಿ?

ಹೌದು. ಮಾರ್ಚಲ್ಲಿ ಊರು ಬಿಟ್ಟು ಹೋದ ಹುಡುಗಿಯ ಸ್ವೆಟರು, ಆಗಸ್ಟಲ್ಲಿ, ಈ ಬಿಸಿಲಲ್ಲಿ ತಂದಿದೀನಿ. ನಗೋ ವಿಷಯಾನೇ ಅದು.

ಹೇಗಿದಾಳೆ ಕೆಜಾಯಾ? ಸೇಂಟ್ ಲೂಯಿಸ್ ಪಟ್ಟಣ ಒಗ್ಗಿದೆಯಾ? ಚಿಕ್ಕಮ್ಮನ ಮನೇಲಿ ತಾನೇ?... ಹೂಂ. ಹೇಳದಿದ್ರೆ ಬಿಡಿ. ಕೇಳೋ ಹಕ್ಕು ನನಗೇನಿದೆ.

ಇಪ್ಪತ್ತೊಂಬತ್ತು ವರ್ಷ ಆಯ್ತು ನಾನು ಈ ಊರಲ್ಲಿ ಚರಿತ್ರೆ ಪಾಠ ಮಾಡೋಕೆ ಶುರು ಮಾಡಿ. ನಿಮ್ಮ ಮಗನಿಗೂ ಮಾಡಿದೀನಿ, ನೆನಪಿದೆಯಾ? ಕೊನೇ ಬೆಂಚು, ಬರೀ ತಲೆಹರಟೆ. ಆದ್ರೆ ಅವನ ಮಗಳು... ಅಂಥ ಹುಡುಗೀನ ನಾನು ಕಂಡಿರ್ಲಿಲ್ಲ. ಕೈ ಎತ್ತಿದ್ರೆ ನನಗೇ ಎದೆ ಡವಡವ ಅನ್ನೋದು, ಇವಳೇನು ಕೇಳ್ತಾಳಪ್ಪ ಅಂತ.

"ನಿಮ್ಮ ಮನೆ ಹಿರಿಯರನ್ನ ಕೇಳಿ, ನಮ್ಮೂರಿನ ಒಂದು ಕಥೆ ಬರ್ಕೊಂಡು ಬನ್ನಿ." ಅಷ್ಟೇ ನಾನು ಹೇಳಿದ್ದು! ರಾಜಧಾನಿಯಲ್ಲಿ ಸ್ಪರ್ಧೆ ಇತ್ತಲ್ಲ, ಅದಕ್ಕೆ. ಎಲ್ಲರೂ ಏನು ತಂದ್ರು? ಪ್ರವಾಹದ ವರ್ಷ, ರೈಲು ಬಂದ ವರ್ಷ, ಯಾರದೋ ಮುತ್ತಜ್ಜಿ ಮಾಡ್ತಿದ್ದ ಪೀಚ್ ಹಣ್ಣಿನ ಕಡುಬು. ಕೆಜಾಯಾ ತಂದಿದ್ದು ನಿಮ್ಮ ದೊಡ್ಡಪ್ಪನ ಕಥೆ. ನೀವೇ ಹೇಳಿದ್ದಲ್ವಾ ಅವಳಿಗೆ? ಲೂಷಸ್ ಬೋಡ್ರಿ. ಫ್ರಾನ್ಸಿನ ಯುದ್ಧ ಮುಗಿಸಿ ಬಂದವನು. ಸಾವಿರದ ಒಂಬೈನೂರ ಹತ್ತೊಂಬತ್ತು, ಒಂದು ಶನಿವಾರ, ಸಿಪಾಯಿ ಕೋಟು ಹಾಕ್ಕೊಂಡು ಪೇಟೆಗೆ ಹೋದ. ಕರಿಯನಿಗೆ ಯಾಕೆ ಈ ಕೋಟು, ಬಿಚ್ಚು ಅಂದ್ರು ಬಿಳಿಯರು. ಬಿಚ್ಚಲಿಲ್ಲ. ಸಂಜೆ ಹೊತ್ತಿಗೆ ಹಳೇ ಸೇತುವೆ ಮೇಲೆ, ಕಬ್ಬಿಣದ ತೊಲೆಗೆ ಹಗ್ಗ ಕಟ್ಟಿ...

ಗೊತ್ತು, ನಿಮಗೆ ನಾನು ಹೇಳಬೇಕಾಗಿಲ್ಲ.

ತರಗತಿಯಲ್ಲಿ ಎದ್ದು ನಿಂತು ಓದಿದಳು. ಅಳಲಿಲ್ಲ, ಕೂಗಾಡಲಿಲ್ಲ, ಯಾರನ್ನೂ ಬೈಲಿಲ್ಲ. ಅವಳು ಓದಿ ಮುಗಿಸಿದಾಗ ಹಿಂದುಗಡೆ ಒಬ್ಬ ಬಿಳಿ ಹುಡುಗಿ ಕಣ್ಣೊರೆಸಿಕೊಂಡಳು. ಆಮೇಲೆ ಅವಳೇ ಹೋಗಿ ಕೆಜಾಯಾಳ ಪಕ್ಕ ಕೂತ್ಕೊಂಡಳು. ನಾನು ನೋಡಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅಂಥಾ ಒಂದು ದಿನ ಬಂದಿರಲಿಲ್ಲ ಮಿಸ್ ಇಡೆಲ್ಲಾ, ದೇವರಾಣೆ.

ಮುಂದಿನ ವಾರ ಪ್ರಿನ್ಸಿಪಾಲರ ಮೇಜಿನ ಮೇಲೆ ದೂರು ಬಂತು. ಯಾರೋ ತಂದೆಯೋ ತಾಯಿಯೋ... ಸಹಿ ಇರಲಿಲ್ಲ. ಸಹಿ ಬೇಕಾಗೂ ಇಲ್ಲ! ಹೊಸ ಕಾನೂನು ಹಾಗಿದೆ. ಮೈಬಣ್ಣದ ಕಾರಣಕ್ಕೆ ಯಾವ ಮಗುವಿಗೂ ಅಳುಕಾಗೋ ಹಾಗೆ, ನಾನು ತಪ್ಪಿತಸ್ಥ ಅನ್ನಿಸೋ ಹಾಗೆ ಪಾಠ ಮಾಡಬಾರದಂತೆ. ಹೊರಗಿಂದ ನೋಡಿದ್ರೆ ಎಷ್ಟು ಮೆತ್ತಗಿದೆ ಅಲ್ವಾ? ಮಗುವಿಗೆ ಹೊದಿಸೋ ಕಂಬಳಿ ಥರ. ಯಾವುದು ಅಳುಕು, ಎಷ್ಟು ಅಳುಕು, ಅದನ್ನ ಅಳೆಯೋರು ಯಾರು, ಏನೂ ಬರೆದಿಲ್ಲ. ಒಂದು ದೂರು ಸಾಕು, ನನ್ನ ಪಾಠ ಮಾಡೋ ಲೈಸೆನ್ಸು ಹೋಗತ್ತೆ, ಸ್ಕೂಲಿಗೆ ಬರೋ ಅನುದಾನ ನಿಲ್ಲತ್ತೆ. ಪ್ರಿನ್ಸಿಪಾಲ್ ಗೇದರ್ ಪಾಪ, ಬೆವರ್ತಾ ಇದ್ರು. "ನೆಲ್ಡಾ, ಆ ಹುಡುಗಿಗೆ ಬೇರೆ ವಿಷಯ ಕೊಡು. ಪ್ರವಾಹದ ಬಗ್ಗೆ ಬರೀಲಿ" ಅಂದ್ರು.

ನಾನೇ ಹೇಳಿದೆ ಅವಳಿಗೆ. ಊಟದ ಬಿಡುವಿನಲ್ಲಿ. ಅವಳು ನನ್ನ ಮುಖಾನೇ ನೋಡಿ, "ಪ್ರವಾಹದಲ್ಲಿ ನಮ್ಮನೇಲಿ ಯಾರೂ ಸಾಯಲಿಲ್ಲ, ಮಿಸ್ ಥ್ರಾಷರ್" ಅಂದಳು.

ಮುಂದಿಂದು ನಿಮಗೆ ಗೊತ್ತು. ಆ ಕಥೇನ ಪ್ರತಿ ಮಾಡಿಸಿ ಸ್ಕೂಲ್ ಮಕ್ಕಳ ಒಂದೊಂದು ಬೀರುವಿನ ಬಾಗಿಲಿಗೂ ಅಂಟಿಸಿದಳು. ಮುನ್ನೂರು ಬಾಗಿಲು! ಹತ್ತು ದಿನ ಸ್ಕೂಲಿಗೆ ಬರಬೇಡ ಅಂದ್ರು. ಹನ್ನೊಂದನೇ ದಿನಾನೂ ಬರ್ಲಿಲ್ಲ ಅವಳು.

ನಾನೇನು ಮಾಡೋಕಾಗ್ತಿತ್ತು ಹೇಳಿ? ಕೈ ಕಟ್ಟಿ ಹಾಕಿದಾರೆ. ಎಲ್ಲರ ಕೈಯನ್ನೂ! ನಮ್ಮ ಸಾಹಿತ್ಯದ ಮೇಡಮ್ಮು ಅರ್ಧ ಪುಸ್ತಕ ಬಟ್ಟೇಲಿ ಮುಚ್ಚಿಟ್ಟಿದಾರೆ. ನಾನು ಅಂತರ್ಯುದ್ಧ ಮುಗಿಸಿ ನೆಗೆದರೆ ಸೀದಾ ವಿಮಾನ ಕಂಡುಹಿಡಿದಿದ್ದಕ್ಕೆ ಹೋಗಿ ಬೀಳ್ತೀನಿ. ಮೊನ್ನೆ ಮೇ ತಿಂಗಳಲ್ಲಿ, ಅದೇ ಕಣ್ಣೊರೆಸಿಕೊಂಡ ಹುಡುಗಿ ಕೇಳಿದಳು: "ಆ ಸೇತುವೆ ಮೇಲೆ ಇದ್ದವರು ಯಾರು ಮಿಸ್? ಅವರ ಮಕ್ಕಳು ಮೊಮ್ಮಕ್ಕಳು ಈಗ ಎಲ್ಲಿದಾರೆ?" ನಾನು... "ಮನೇಲಿ ಕೇಳಮ್ಮ" ಅಂದೆ. ಕಿಟಕಿ ಹಾಕೋಕೆ ಅಂತ ತಿರುಗಿಕೊಂಡೆ. ಕಿಟಕಿ ಮೊದಲೇ ಹಾಕಿತ್ತು.

ಈಗ ಆ ಸೇತುವೆ ದಾಟಲ್ಲ ನಾನು. ಚರ್ಚಿಗೆ ಹೋಗೋಕೆ ನಾಲ್ಕು ಮೈಲಿ ಸುತ್ತು ಹಾಕ್ತೀನಿ. ಹೋದ ಭಾನುವಾರ ಮರೆತು ಹೋಗ್ಬಿಟ್ಟೆ. ಹಾಡುಹಗಲು, ಕಾರು ಸೇತುವೆ ಮಧ್ಯ ಬಂದಾಗ... ಎಷ್ಟೋ ಜನ ನಗೋ ಸದ್ದು ಕೇಳಿಸ್ತು. ರೇಡಿಯೋ ಆಫ್ ಮಾಡೋಕೆ ಹೋದೆ. ಅದು ಆಫೇ ಆಗಿತ್ತು. ಹುಚ್ಚು ಅನ್ಕೋತೀರೇನೋ.

ಹಾಗೆ ನೋಡಬೇಡಿ. ಕೈ ಯಾಕೆ ನಿಲ್ಲಿಸಿದ್ರಿ? ಕಾಳು ಬಿಡಿಸಿ... ನಾನು ಒಳ್ಳೇ ಮನಸ್ಸಿಂದಾನೇ ಬಂದಿದೀನಿ. ಆ ದೂರಿನಲ್ಲೂ ಕೆಜಾಯಾಳ ಮೇಲೆ ದ್ವೇಷ ಏನಿರಲಿಲ್ಲ, ನಂಬಿ. ಅವಳ ಹೆಸರೇ ಹಾಕಿರಲಿಲ್ಲ. "ಒಬ್ಬ ವಿದ್ಯಾರ್ಥಿನಿ" ಅಂತಷ್ಟೇ. ಫೋಟೋ ವಿಷಯಾನೂ ಬೇಕಂತಲೇ ಬರೆಯದೆ...

ಆ ದೂರನ್ನ ಪ್ರಿನ್ಸಿಪಾಲರು ತೋರಿಸಿದ್ರು ನನಗೆ. ಅಲ್ಲ, ತೋರಿಸಲಿಲ್ಲ, ಓದಿ ಹೇಳಿದ್ರು. ಯಾರಿಗೂ ತೋರಿಸಲ್ಲ ಅಂತ ನಿಮಗೆ ಹೇಳಿದ್ರಾ? ಅದು... ನಿಮಗೆ ಹಾಗೆ ಹೇಳಿರಬಹುದು...

ಮಿಸ್ ಇಡೆಲ್ಲಾ, ಈಗ ಬೈಬಲ್ ಯಾಕೆ?

ಏನು ತೆಗೀತಾ ಇದೀರಿ ಅದರೊಳಗಿಂದ? ಬೇಡ. ಅದು ಬೇಡ, ಒಳಗಿಡಿ. ನಾನು ನೋಡಿದೀನಿ ಅದನ್ನ! ಕಣ್ಣು ಮುಚ್ಚಿದ್ರೂ ಕಾಣತ್ತೆ ನನಗೆ, ಬೋರಲು ಹಾಕಿ ದಯವಿಟ್ಟು...

ಸರಿ.

ಸರಿ, ಇರಲಿ.

ಕಥೆ ಓದಿದ ವಾರವೇ, ಶುಕ್ರವಾರ ಸಂಜೆ ಕೆಜಾಯಾ ನನ್ನ ಹತ್ರ ತಂದಳು ಇದನ್ನ. ಸೇತುವೆ ಮೇಲೆ ಅವತ್ತು ತೆಗೆದ ಫೋಟೋ, ಅಂಚೆ ಕಾರ್ಡು ಮಾಡಿ ಮಾರಿದ್ದಂತೆ. ಯಾರೋ ನಿಮ್ಮ ತಾತನಿಗೇ ಕಳಿಸಿದ್ರಂತೆ, ಹೆದರಿಸೋಕೆ. "ಸ್ಪರ್ಧೆಗೆ ಇದನ್ನೂ ಇಡ್ತೀನಿ ಮಿಸ್. ಇದರಲ್ಲಿರೋ ಒಬ್ಬೊಬ್ಬರ ಹೆಸರೂ ಹುಡುಕ್ತೀನಿ. ಊರಿನ ಹಿರಿಯರಿಗೆಲ್ಲ ತೋರಿಸಿ ಕೇಳ್ತೀನಿ" ಅಂದಳು. ನಾನು ನೋಡಿದೆ. "ಸೋಮವಾರದ ತನಕ ನನ್ನ ಹತ್ರ ಇರಲಿ ಮಗು" ಅಂದೆ.

ನಮ್ಮ ಮನೆ ಪಿಯಾನೋ ಮೇಲೆ ತಾತನ ಒಂದು ಫೋಟೋ ಇದೆ. ಇತ್ತು. ಬೆಳ್ಳಿ ಕಟ್ಟಿನದು. ಹತ್ತೊಂಬತ್ತರ ಹುಡುಗ, ಬಿಳೀ ಅಂಗಿ, ತಲೆ ಮೇಲೆತ್ತಿ ಏನನ್ನೋ ನೋಡಿ ನಗ್ತಾ ಇದಾನೆ. ಎಂಥಾ ಚೆಂದದ ನಗು! ತುಂಬಾ ಒಳ್ಳೆಯವನು ನನ್ನ ತಾತ... ಕೆರೆಗೆ ಕರ್ಕೊಂಡು ಹೋಗಿ ಮೀನು ಹಿಡಿಯೋಕೆ ಕಲಿಸಿದ್ದು ಅವನೇ. ಗಾಳಕ್ಕೆ ಹುಳ ಸಿಕ್ಕಿಸೋವಾಗ ನಾನು ಅತ್ತರೆ, ತಾನೂ ಕಣ್ಣು ಮುಚ್ಕೊಳ್ಳೋನು. ಚಿಕ್ಕೋಳಿದ್ದಾಗ ಅಜ್ಜೀನ ಕೇಳ್ತಿದ್ದೆ, "ತಾತ ಏನು ನೋಡ್ತಿದಾನೆ ಅಜ್ಜಿ?" "ಯಾವುದೋ ಬಲೂನು ಹಾರಿಸಿದ್ರಮ್ಮ ಅವತ್ತು" ಅನ್ನೋಳು. ಐವತ್ತು ವರ್ಷ ನಾನು ಆ ಬಲೂನನ್ನ ಕಣ್ಣಲ್ಲಿ ಕಟ್ಟಿಕೊಂಡೆ. ಕೆಂಪು ಬಲೂನು ಅನ್ಕೊಂಡಿದ್ದೆ.

ಇಂಥದೇ ಕಾರ್ಡಿಂದ ಅಜ್ಜಿ ಕತ್ತರಿಸಿದ್ದು. ಕತ್ತರಿಯಿಂದ, ನೀಟಾಗಿ, ಸುತ್ತ ಇದ್ದೋರನ್ನೆಲ್ಲ. ಮೇಲಿದ್ದದ್ದನ್ನೂ.

ಶನಿವಾರ ಎಲ್ಲ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಕೂತಿದ್ದೆ. ಅಂಗಿಯ ಮಡಿಕೆ ಮಡಿಕೆಗೂ ಸರಿಹೋಗ್ತಾ ಇತ್ತು. ಭಾನುವಾರ ಚರ್ಚಿಂದ ಬಂದೆ. ಟೋಪಿ ಕೂಡ ತೆಗೀಲಿಲ್ಲ...

ನೀವು ಏನೂ ಕೇಳ್ತಾ ಇಲ್ಲ. ಆದ್ರೂ ನನ್ನ ಬಾಯಿಂದ ಎಲ್ಲಾ... ನಿಮಗೆ ಮೊದಲೇ ಗೊತ್ತಿತ್ತಾ? ನಾನು ಈ ಮೆಟ್ಟಿಲು ಹತ್ತೋವಾಗಲೇ? ಅದಕ್ಕೇನಾ ನಕ್ಕಿದ್ದು?

ಮಕ್ಕಳಿಗೆ ಅಳುಕಾಗತ್ತೆ ಅಂತ ಬರೆದೆ. ಆ ತರಗತಿಯಲ್ಲಿ ಯಾವ ಮಗುವಿಗೂ ಏನೂ ಆಗಿರಲಿಲ್ಲ. ಕಾನೂನು ಇರ್ಲಿಲ್ಲ ಅಂದಿದ್ರೆ ಏನು ಮಾಡ್ತಿದ್ದೆ? ಗೊತ್ತಿಲ್ಲ. ಸುಮ್ಮನಿರ್ತಿದ್ದೆನೇನೋ. ಇತ್ತಲ್ಲ, ಕೈಗೆ ಸಿಕ್ತು...

ಏನು ಮಾಡ್ತಾ ಇದೀರಿ? ಯಾರಿಗೆ ಫೋನು? ನನ್ನ ಕೈಗೆ ಯಾಕೆ... ಬೇಡ, ಮಿಸ್ ಇಡೆಲ್ಲಾ! ಇವತ್ತಲ್ಲ. ನಾನು ಅವಳಿಗೆ ಕಾಗದ ಬರೀತೀನಿ, ಎಲ್ಲಾ ವಿವರವಾಗಿ... ರಿಂಗಾಗ್ತಾ ಇದೆ. ದಯವಿಟ್ಟು ತಗೊಳ್ಳಿ, ನನಗೆ ಆಗಲ್ಲ, ನನಗೆ...

ಹಲೋ?

ಇಲ್ಲಮ್ಮ, ಅಜ್ಜಿ ಚೆನ್ನಾಗಿದಾರೆ. ಇಲ್ಲೇ ನನ್ನೆದುರಿಗೇ ಕೂತಿದಾರೆ. ಗಾಬರಿ ಆಗಬೇಡ. ನಾನು... ನಿನ್ನ ಚರಿತ್ರೆ ಮಿಸ್.

ಇಡಬೇಡ! ಕೆಜಾಯಾ, ಇಡಬೇಡ ಕಣಮ್ಮ. ಒಂದೇ ನಿಮಿಷ.

ಆ ದೂರು ಬರೆದಿದ್ದು ನಾನು.

ಕೆಜಾಯಾ?... ಇದೀಯಾ?... ನೀನು ಏನೂ ಹೇಳಬೇಡ, ನಾನೇ ಹೇಳ್ತೀನಿ. ಫೋಟೋದ ಪ್ರತಿ ಇದೆಯಾ ಹತ್ತಿರ? ಹೋಗಿ ತಗೊಂಡು ಬಾ. ಕಾಯ್ತೀನಿ.

ಎಡಗಡೆಯಿಂದ ಮೂರನೆಯವನು, ಬಿಳೀ ಅಂಗಿ. ಮೇಲೆ ನೋಡಿ ನಗ್ತಾ ಇರೋನು. ಸಿಕ್ಕಿದನಾ? ಹೆಸರು ಬರ್ಕೋ. ವರ್ಜಿಲ್... ಹೂಂ, ವರ್ಜಿಲ್. ಮನೆ ಹೆಸರು ಥ್ರಾಷರ್.

ಹೌದು. ಅದೇ ಥ್ರಾಷರ್.