ಹಸಿರು ದೀಪದ ಮುಂದಿನ ಉಪಚಾರ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ರವಿಶಂಕರ ಅವರೇ, ಮುಖ್ಯ ಅತಿಥಿಗಳೇ, ಆಗಲೇ ಊಟದ ಕೋಣೆಯ ಕಡೆಗೆ ಕಣ್ಣು ಹಾಯಿಸುತ್ತಿರುವ ವೋಲ್ಫ್ಸ್‌ಬುರ್ಗ್ ಕನ್ನಡ ಬಳಗದ ಸಭಿಕರೇ,

ಇಂದು ಸನ್ಮಾನಗೊಂಡ ಶ್ರೀಮತಿ ಗೌರಕ್ಕನವರ ಬಗ್ಗೆ ಎರಡು ಮಾತಾಡಲು ನನಗೆ ಹೇಳಿದ್ದಾರೆ. ಅವರು ನನಗೆ ಚೆನ್ನಾಗಿ ಗೊತ್ತು ಎಂದು ಕಾರ್ಯದರ್ಶಿಗಳ ನಂಬಿಕೆ. ಅವರ ಗಂಡನಾದ ನನಗೂ ಹೋದ ತಿಂಗಳವರೆಗೆ ಅದೇ ನಂಬಿಕೆ ಇತ್ತು.

ಬಳಗದವರೆಲ್ಲ ಹ್ಯಾಂಬುರ್ಗ್ ನೋಡಲು ಹೋದೆವಲ್ಲ, ಆಗ "ಬಸ್ಸು ಮುದುಕರಿಗೆ, ನಾವು ಗೋ-ಕಾರ್ಟಿನಲ್ಲಿ ಊರು ನೋಡೋಣ" ಎಂದವನು ನಾನೇ. ಮೊಣಕಾಲೆತ್ತರದ ಗಾಡಿ, ತಲೆಗೆ ಹೆಲ್ಮೆಟ್, ಮುಂದೆ ಗೈಡ್, ಹಿಂದೆ ಸಾಲಾಗಿ ನಾವು. ಅದರಲ್ಲಿ ಕೂತರೆ ಚರ್ಚಿನ ಗೋಪುರ ಕಾಣುವುದಿಲ್ಲ, ಲಾರಿಗಳ ಟಯರು ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತವೆ. ಇರಲಿ. ಕಾರಿನ ಸ್ಟಿಯರಿಂಗ್ ವಿನ್ಯಾಸ ಮಾಡುವವನು ನಾನು, ನನಗೆ ಯಾರು ಕಲಿಸಬೇಕು?

ಹೊರಡುವ ಮುಂಚೆ ಲೈಸೆನ್ಸ್ ತೋರಿಸಬೇಕಿತ್ತು. ಹಿಡಿದುಕೊಂಡು ನಿಲ್ಲಲೆಂದು ಗೌರಕ್ಕನ ಕೈಗೆ ನನ್ನ ಜಾಕೆಟ್ ಕೊಟ್ಟೆ. ಆಕೆ ಅದನ್ನು ಕೌಂಟರಿನ ಮೇಲಿಟ್ಟು, ಪರ್ಸಿನಿಂದ ತನ್ನದೇ ಜರ್ಮನ್ ಲೈಸೆನ್ಸ್ ತೆಗೆದಳು! "ಮುಂದಿನ ವರ್ಷ ಕಲಿಯುವಂತಿ" ಎಂದು ಪ್ರತಿ ವರ್ಷ ಪ್ರೀತಿಯಿಂದ ಹೇಳುತ್ತ ಬಂದವನು ನಾನು.

"ಇದ ಯಾವಾಗ?" ಎಂದೆ.

"ನೀವು ಆಫೀಸಿಗೆ ಹೋದಾಗ್ರಿ" ಎಂದಳು.

ಮೊದಲ ಸಿಗ್ನಲ್. ಗೈಡ್ ದಾಟಿಬಿಟ್ಟ, ನಮಗೆ ಕೆಂಪು ಬಿತ್ತು. ಅಧ್ಯಕ್ಷರೂ ನಾನೂ ಅಕ್ಕಪಕ್ಕ. ಹಸಿರು ಬಂತು.

"ನೀವು ಹಿರೇರು, ಮೊದಲ ನೀವ ನಡೀರಿ ಸರ" ಎಂದರು ಅಧ್ಯಕ್ಷರು.

"ಛೆ ಛೆ, ಅಧ್ಯಕ್ಷರನ್ನ ಹಿಂದ ಬಿಟ್ಟು ಹೋಗೂದಂದ್ರೇನ್ರಿ?" ಎಂದೆ ನಾನು.

ಮತ್ತೆ ಕೆಂಪು. ಮತ್ತೆ ಹಸಿರು, ಮತ್ತೆ ಉಪಚಾರ, ಮತ್ತೆ ಕೆಂಪು. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಹೊಡೆಯತೊಡಗಿದ. ಸಂಸ್ಕಾರ ಬಿಟ್ಟು ಬದುಕಲಾದೀತೆ, ಸಭಿಕರೇ?

ಆಮೇಲಿನ ಹಸಿರಿಗೆ ಸಾಲಿನ ಕೊನೆಯ ಕಾರ್ಟು ನಮ್ಮಿಬ್ಬರ ನಡುವೆ ನುಗ್ಗಿತು. "ಏನು, ಬೀಗರ ಮನ್ಯಾಗ ಊಟಕ್ಕ ಕುಂತೀರೇನ್ರೀ? ಸರೀರಿ ಆ ಕಡೆ!" ಗೌರಕ್ಕ! ಇಡೀ ಬಳಗ ಆಕೆಯ ಹಿಂದೆ ಹೊರಟಿತು. ಕೊನೆಗೆ ಉಳಿದವರು ನಾವಿಬ್ಬರು. ಯಾರು ಕೊನೆಯವರು ಎಂಬುದಕ್ಕೆ ಮಾತ್ರ ಉಪಚಾರ ನಡೆಯಲಿಲ್ಲ.

ತಿರುವಿನಲ್ಲಿ ಆಕೆ ಸೈಕಲ್ಲಿನವರಿಗೆ ದಾರಿ ಬಿಟ್ಟ ರೀತಿ ಕಂಡು ನನಗೆ ಹೆಮ್ಮೆಯಾಯಿತು. ಹೊಟ್ಟೆಯೂ ಉರಿಯಿತು. ಬಂದರಿನ ಹತ್ತಿರ ಇಳಿದಾಗ ಕೇಳಿದೆ, "ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವ ಕಲಿಸಾಕ ಬರ್ತಿದ್ರಿ" ಎಂದಳು. "ಆಮ್ಯಾಲೆ ನಾ ಕಲೀತಿರಲಿಲ್ಲ."

ಈಗ ನಮ್ಮ ಕಾರಿನ ಕೀ ಆಕೆಯ ಪರ್ಸಿನಲ್ಲಿದೆ. ಪಕ್ಕದ ಸೀಟಿನಲ್ಲಿ ಕೂರುವ ನನಗೆ ಒಂದೇ ಷರತ್ತು, ಬಾಯಿ ಬಿಡಬಾರದು. ಅದಕ್ಕೇ ಇಲ್ಲಿಯೇ ಹೇಳಿಬಿಡುತ್ತೇನೆ. ಗೌರಿ, ನೀ ಛಲೋ ಗಾಡಿ ಹೊಡೀತಿ. ನನಗಿಂತ ಛಲೋ.

ಎಲ್ಲರಿಗೂ ಧನ್ಯವಾದಗಳು. ಊಟಕ್ಕೆ ಯಾರು ಮೊದಲು ಎಂದು ನಿಲ್ಲದೆ ನಡೆಯಿರಿ, ನಮಸ್ಕಾರ.