ಎರಡಕ್ಕೆ ಎರಡು ನಿಮಿಷ ಮುಂಚೆ

ಬಾಗಿಲು ಮುಂದಕ್ಕೆ ಹಾಕಿ ಕೂತ್ಕೊಳ್ಳಿ, ಹೇಳುತ್ತೇನೆ. ಇದು ಅವರಿವರು ಹೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳು ಶ್ರಾವಣಿಗೇ ಆದದ್ದು. ರಾಯದುರ್ಗದಲ್ಲಿ, ಹೋದ ವರ್ಷ.

ರಾತ್ರಿ ಒಂದೂವರೆ. ಊರೆಲ್ಲ ಮನೆ ಸೇರಿದ ಹೊತ್ತಿನಲ್ಲಿ ಇವಳು ಮನೆಯಿಂದ ಹೊರಟಿದ್ದಳು. ಬೆಟ್ಟದ ಬುಡದಲ್ಲಿ ಹಾಳುಬಾವಿ, ಅದರ ಮೇಲೆ ಬಾಗಿದ ಆಲದ ಮರ. ಬಾವಿಯ ರಾಟೆಗೆ ಹಗ್ಗವಿಲ್ಲ, ನೀರು ಸೇದುವವರೂ ಇಲ್ಲ... ಆದರೂ ಕೀಂ... ಕೀಂ... ಎನ್ನುತ್ತಿತ್ತು. ಗಾಳಿ ಇರಲಿಲ್ಲ. ಬೇರೆ ದಿನವಾಗಿದ್ದರೆ ನೇಮಕಲ್ಲು ಆಂಜನೇಯನನ್ನು ನೆನೆಯುತ್ತ ಓಟ ಕೀಳುತ್ತಿದ್ದಳು. ಆ ರಾತ್ರಿ ಅವಳಿಗೆ ಹೆದರುವುದಕ್ಕೂ ಪುರುಸೊತ್ತಿರಲಿಲ್ಲ. ಮೈಯೆಲ್ಲ ಸಿಟ್ಟು.

ಸಿಟ್ಟು ಯಾಕೆ ಅಂದರೆ, ಕೇಳಿ. ಈಶ್ವರಯ್ಯನವರ ಜೀನ್ಸ್ ಹೊಲಿಯುವ ಯೂನಿಟ್ ಇದೆಯಲ್ಲ, ಅದರ ಮಹಡಿಯ ಮೇಲಿನ ಕೋಣೆಯಲ್ಲಿ ಅವಳದೊಂದು ಕಂಪ್ಯೂಟರ್. ಶಾಲೆಗಳ ಹಳೆ ಕಂಪ್ಯೂಟರುಗಳಿಗೆ ಕನ್ನಡ ತೆಲುಗು ಎರಡರಲ್ಲೂ ನಡೆಯುವ ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗುಂಪಿನಲ್ಲಿ ಅವಳಿದ್ದಳು. ಹಗಲು ಒಬ್ಬೊಬ್ಬರು ಒಂದೊಂದು ಊರಲ್ಲಿ ಕೂತು ಬರೆದ ಪ್ರೋಗ್ರಾಮುಗಳನ್ನೆಲ್ಲ ರಾತ್ರಿ ಎರಡಕ್ಕೆ ಈ ಯಂತ್ರ ತಾನೇ ಒಟ್ಟುಮಾಡಿ, ಬುಡದಿಂದ ಪೂರ್ತಿ ಸಿಸ್ಟಮ್ಮನ್ನು ಹೊಸದಾಗಿ ಕಟ್ಟಬೇಕು. ಬೆಳಿಗ್ಗೆ ಪರೀಕ್ಷೆ ಮಾಡುವವರಿಗೆ ಸಿದ್ಧವಿರಬೇಕು. ಅದಕ್ಕೆ ನೈಟ್ಲಿ ಬಿಲ್ಡ್ ಅನ್ನುತ್ತಾರೆ. ಮನುಷ್ಯರ ಕೈ ತಗಲಬಾರದು, ಅದೇ ಅದರ ಧರ್ಮ. ಗುಂಪಿನ ಮುಖ್ಯಸ್ಥೆ ಮಡಕಶಿರದ ಮಾಧವಿ ಒಂದೇ ಮಾತು ಹೇಳಿದ್ದರು. ಸತತ ಐದು ರಾತ್ರಿ ತಾನಾಗಿ ನಡೆದರೆ ಯಂತ್ರ ರಾಯದುರ್ಗದಲ್ಲೇ ಇರುತ್ತದೆ, ಶ್ರಾವಣಿಯ ಕೆಲಸವೂ ಇರುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಯಂತ್ರ ಬೇರೆ ಊರಿಗೆ, ಇವಳು ಮನೆಗೆ.

ಆ ಯಂತ್ರವೋ, ಕೈಯಿಂದ ಓಡಿಸಿದರೆ ಕುದುರೆ, ಬಿಟ್ಟರೆ ಕತ್ತೆ. ಇವಳು ಎದುರಿಗೆ ಕೂತು ಶುರು ಮಾಡಿದರೆ ಯಾವ ಸಾಮಾನು ಎಲ್ಲಿದೆಯೆಂದು ಅದಕ್ಕೆ ಗೊತ್ತು. ರಾತ್ರಿ ತಾನೇ ಎದ್ದರೆ, ಹೊಸ ಸೊಸೆ ಅತ್ತೆಯ ಅಡುಗೆಮನೆಗೆ ಹೊಕ್ಕಂತೆ, ಒಂದು ಡಬ್ಬಿಯೂ ಕೈಗೆ ಸಿಗದು. ಯಾವ ಫೈಲು ಎಲ್ಲಿದೆಯೆಂದು ಅದಕ್ಕೆ ಒಂದೊಂದಾಗಿ ಬರೆದಿಟ್ಟಳು. ಆಮೇಲೆ ನೋಡಿದರೆ ಗಡಿಯಾರವೇ ಗ್ರೀನಿಚ್ಚಿನ ಹೊತ್ತಿನಲ್ಲಿದೆ! ಅದರ ರಾತ್ರಿ ಎರಡು ಅಂದರೆ ನಮ್ಮ ಬೆಳಗಿನ ಏಳೂವರೆ. ಕೆಳಗೆ ಟೈಲರುಗಳು ಬಂದು ನಲವತ್ತು ಮಿಷನ್ ಒಟ್ಟಿಗೆ ಚಾಲೂ ಮಾಡುವ ಹೊತ್ತು; ದೀಪ ಕುಗ್ಗಿ ಬಿಲ್ಡ್ ಅರ್ಧಕ್ಕೇ ಸಾಯುತ್ತಿತ್ತು. ಅದನ್ನು ಸರಿಮಾಡಿದರೆ ಡಿಸ್ಕ್ ತುಂಬಿತು. ಡಿಸ್ಕ್ ಖಾಲಿಮಾಡಿದರೆ ನೆಟ್ ಹೋಯಿತು. ಹುಡುಗಿ ಮೂರು ವಾರ ನೆಟ್ಟಗೆ ನಿದ್ದೆ ಮಾಡಲಿಲ್ಲ.

ಕೊನೆಗೂ ನಡೆಯಿತು. ಒಂದು ರಾತ್ರಿ, ಎರಡು ರಾತ್ರಿ. ಮೂರನೆಯ ದಿನ ಕರೆಂಟು ಹೋದರೂ ನಿಲ್ಲದಿರಲಿ ಎಂದು ದೊಡ್ಡ ಬ್ಯಾಟರಿ ತಂದು ಇಟ್ಟಳು. ಜಾಗ ಸಾಲದೆ ಕೋಣೆಯಲ್ಲಿದ್ದ ಹಳೇ ಮರದ ಸ್ಟೂಲನ್ನು ಮೆಟ್ಟಿಲ ಕೆಳಗೆ ಹಾಕಿದಳು. ಇನ್ನು ಇಲ್ಲಿ ಕೂರುವವರಾದರೂ ಯಾರು?

ಮಾರನೆಯ ಬೆಳಿಗ್ಗೆ ಬಿಲ್ಡ್ ಮುಗಿದಿತ್ತು. ಆದರೆ ಯಾರು ಶುರು ಮಾಡಿದರು ಎಂದು ಯಂತ್ರವೇ ಬರೆದಿಡುವ ಒಂದು ಸಾಲಿದೆ. ಎರಡು ದಿನ ಅಲ್ಲಿ ‘ಗಡಿಯಾರ’ ಎಂದಿತ್ತು. ಆವತ್ತು ‘ಕೈ’ ಎಂದಿತ್ತು. ಹೊತ್ತು... ಒಂದು ಐವತ್ತೆಂಟು. ಎರಡಕ್ಕೆ ಗಡಿಯಾರ ಎದ್ದು ನೋಡಿದೆ, ಕೆಲಸ ಆಗಲೇ ನಡೆದಿದೆ, ಸುಮ್ಮನಾಗಿದೆ.

ಮಾಧವಿ ಫೋನು ಮಾಡಿದರು. “ಕೈ ಹಾಕ್ಬ್ಯಾಡ ಅಂದಿದ್ನಲ್ಲಮ್ಮಿ! ಎಣಿಕೆ ಮತ್ತೆ ಸೊನ್ನೆಯಿಂದ.”

“ಅಕ್ಕಾ, ನಾನು ಮುಟ್ಟಿಲ್ಲ. ಮನ್ಯಾಗ ಮಲಗಿದ್ದೆ. ಬೀಗದ ಕೈ ನನ್ನ ದಿಂಬಿನ ಕೆಳಗ ಇತ್ತು.”

“ಹಂಗಾರೆ ದೆವ್ವ ಬಂದು ಒತ್ತೈತಾ?” ಎಂದು ಮಾಧವಿ ಫೋನಿಟ್ಟರು.

ಮಾರನೆಯ ರಾತ್ರಿಯೂ ಅದೇ. ಅದರ ಮಾರನೆಯ ರಾತ್ರಿಯೂ. ಒಂದು ಐವತ್ತೆಂಟು, ಕೈ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತು. ತಿಂಗಳು ಮುಗಿಯಲು ಆರೇ ದಿನ. ಕೆಲಸ ಹೋಗುವುದಿರಲಿ, ಸುಳ್ಳಿ ಎನಿಸಿಕೊಂಡಳಲ್ಲ, ಅದು ಅವಳಿಗೆ ತಡೆಯಲಾರದಷ್ಟು ಉರಿಯಿತು. ಯಾರೇ ಆಗಿರಲಿ, ಕೈ ಹಿಡಿದು ಕೇಳಿಬಿಡುತ್ತೇನೆ ಎಂದು ಆ ರಾತ್ರಿ ಹೊರಟಿದ್ದಳು.

ಯೂನಿಟ್ಟಿನ ಗೇಟಿನಲ್ಲಿ ಕಾವಲಿನ ಬೋರಣ್ಣ ಕಂಬಳಿ ಹೊದ್ದು ಕೂತಿದ್ದ.

“ಯಾಕವ್ವ, ಇಷ್ಟೊತ್ತಿನ್ಯಾಗ...?”

“ಶ್! ಮ್ಯಾಲೆ ಯಾರರ ಹೋದ್ರಾ?”

“ಯಾರೂ ಹೋಗಿಲ್ಲ.” ಆಮೇಲೆ ತುಸು ತಡೆದು, “ಗೇಟಿನಿಂದ ಯಾರೂ ಹೋಗಿಲ್ಲ” ಅಂದ.

ಅವಳು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಬೋರಣ್ಣನೂ ಹಿಂದೆಯೇ ಬಂದ. ಬಾಗಿಲಿಗೆ ಅವಳೇ ಹಾಕಿದ ಬೀಗ ಹಾಗೇ ಇತ್ತು. ಮೊಬೈಲ್ ನೋಡಿದಳು. ಒಂದು ಐವತ್ತೇಳು.

ಒಳಗೆ... ಟಕ್.

ಸುಮ್ಮನಾಯಿತು.

ಟಕ್... ಟಕ್... ... ಟಕ್.

ಕೀಲಿಮಣೆಯ ಸದ್ದು. ಅವಳ ಕೈಯ ಓಟವಲ್ಲ. ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರ ಹುಡುಕಿ ಒತ್ತುವವರ ಸದ್ದು. ಶುರು ಮಾಡುವ ಆಜ್ಞೆಯನ್ನು ಅವಳು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದಳು, ಮೂರೇ ಪದ. ಆ ಮೂರು ಪದ ಒತ್ತಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಟಕ್... ಟಕ್... ನಡೆಯಿತು. ಕೊನೆಗೊಂದು ಜೋರಾಗಿ, ಠಕ್! ಹಿಂದೆಯೇ ಯಂತ್ರದ ಫ್ಯಾನು ಗುಂಯ್ಯ್ ಎಂದು ಎದ್ದಿತು.

ಬೀಗ ತೆಗೆದಳು. ಕಟಕ್. ಬಾಗಿಲು ನೂಕಿದಳು.

ಯಾರೂ ಇಲ್ಲ. ಕಿಟಕಿಗೆ ಸರಳು, ಒಳಗಿಂದ ಚಿಲಕ. ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಮೇಲಕ್ಕೆ ಓಡುತ್ತಿವೆ. ಬಿಲ್ಡ್ ನಡೆದಿದೆ.

ನೀವಾಗಿದ್ದರೆ ಕಿರುಚುತ್ತಿದ್ದಿರಿ. ನಾನಾಗಿದ್ದರೆ ಅಲ್ಲೇ ಬೀಳುತ್ತಿದ್ದೆ. ಅವಳು ಅಳಲಿಕ್ಕೆ ಶುರು ಮಾಡಿದಳು, ಅದೂ ಸಿಟ್ಟಿನಿಂದ. “ಯಾರ್ರಿ ನೀವು? ನಾನೇನು ಮಾಡೀನಿ ನಿಮಗ? ಅದು ತಾನೇ ಓಡಬೇಕ್ರಿ! ನನ್ನ ಕೆಲಸ ಹೋಗ್ತೈತ್ರಿ!” ಖಾಲಿ ಕೋಣೆಗೆ ಕೈ ಬೀಸಿ ಬೀಸಿ ಬೈದಳು.

ಬೋರಣ್ಣ ಹೊಸಲು ದಾಟಿರಲಿಲ್ಲ. ಪಿಸುಗುಟ್ಟಿದ.

“ಅವ್ವ... ಇಲ್ಲಿದ್ದ ಸ್ಟೂಲ್ ಎಲ್ಲಿಟ್ಟಿ?”

“ಮೆಟ್ಟಿಲ ಕೆಳಗ. ಯಾಕ?”

ಅವನು ಹಣೆ ಬಡಿದುಕೊಂಡ. “ಅದು ಸಂಜೀವಪ್ಪ ಮಾಸ್ಟರ್ ಸ್ಟೂಲ್.”

ಆಗ ಹೇಳಿದ. ಕಂಪ್ಯೂಟರ್ ಬರುವ ಮುಂಚೆ ಅದು ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುವ ಕೋಣೆ, ಸಂಜೀವಪ್ಪ ಕಟಿಂಗ್ ಮಾಸ್ಟರ್. ಅವರದೊಂದು ಕಟ್ಟುನಿಟ್ಟು. ಓಡುವ ಮಿಷನ್ನಿನ ಮುಂದೆ ಮನುಷ್ಯ ಇರಲೇಬೇಕು. ಟೈಲರು ಚಹಕ್ಕೆ ಎದ್ದರೂ ಪಕ್ಕದವರನ್ನು ಕೂರಿಸಿ ಹೋಗಬೇಕು, ಇಲ್ಲವೇ ಮಿಷನ್ ಆರಿಸಬೇಕು. ರಾತ್ರಿಪಾಳಿಯಲ್ಲಿ ಯಾರೂ ಸಿಗದಿದ್ದರೆ ತಾವೇ ಬಂದು ಕೂರುತ್ತಿದ್ದರು. ಒಂದು ರಾತ್ರಿ ಹಾಗೇ ಕೂತವರು ಏಳಲಿಲ್ಲ. ಆರು ವರ್ಷವಾಯಿತು.

“ಕೂರಾಕ ಜಾಗ ಇದ್ದಾಗ ಸುಮ್ನ ಕುಂತು ನೋಡ್ತಿದ್ರು. ನೀನು ಸ್ಟೂಲ್ ತೆಗೆದಿ. ಮುಂದ ಯಾರೂ ಇಲ್ದ ಮಿಷನ್ ಓಡ್ತೈತಲ್ಲ ಅಂತ ತಾವೇ ಕೈ ಹಾಕ್ಯಾರ.”

ಶ್ರಾವಣಿ ಕೆಳಗಿಳಿದು ಸ್ಟೂಲ್ ಹೊತ್ತು ತಂದಳು. ಬ್ಯಾಟರಿಯನ್ನು ಮೂಲೆಗೆ ಒತ್ತರಿಸಿ ಯಂತ್ರದ ಮುಂದೆ ಇಟ್ಟು, ಸೆರಗಿನಿಂದ ಧೂಳು ಒರೆಸಿದಳು. ಆಮೇಲೆ ಸ್ಟೂಲಿಗೆ ಹೇಳಿದಳು.

“ಮಾಸ್ಟರ್... ಗೊತ್ತಿಲ್ಲದ ತೆಗೆದೆ, ತಪ್ಪಾತು. ಇಲ್ಲೇ ಕುಂತು ನೋಡ್ರಿ. ಆದ್ರ ಮುಟ್ಟಬ್ಯಾಡ್ರಿ. ನಿಮಗ ಕೈಮುಗಿತೀನಿ.”

ಏನೂ ಆಗಲಿಲ್ಲ. ಫ್ಯಾನು ಗುಂಯ್ಯ್ ಎನ್ನುತ್ತಿತ್ತು. ಇಬ್ಬರೂ ತಿರುಗಿದರು. ಆಗ ಹಿಂದಿನಿಂದ, ಹಳೇ ಮರದ ಮೇಲೆ ಭಾರ ಬಿದ್ದಾಗ ಬರುತ್ತದಲ್ಲ... ಕಿರ್ರ್ರ್... ಒಂದೇ ಸಲ.

ಹಿಂದೆ ನೋಡಲಿಲ್ಲ ಇಬ್ಬರೂ.

ಮಾರನೆಯ ರಾತ್ರಿಯಿಂದ ಗಡಿಯಾರ. ಗಡಿಯಾರ, ಗಡಿಯಾರ, ಗಡಿಯಾರ. ಐದನೆಯ ಬೆಳಿಗ್ಗೆ ಆ ಪದ ನೋಡಿ ಶ್ರಾವಣಿ ಅಲ್ಲೇ ನೆಲದ ಮೇಲೆ ಕೂತು ಅತ್ತಳಂತೆ. ಸ್ಟೂಲ್ ಇತ್ತು, ಅದರ ಮೇಲೆ ಕೂರಲಿಲ್ಲ. ಯಂತ್ರ ರಾಯದುರ್ಗದಲ್ಲೇ ಉಳಿಯಿತು, ಕೆಲಸವೂ ಉಳಿಯಿತು. ಮಾಧವಿ ಶಹಬಾಸ್ ಎಂದರು. “ಅವತ್ತೇ ನಿನ್ನ ಕೈ ನೀನೇ ಹಿಡ್ಕಂಡು ಕುಂತಿದ್ರೆ ಇಷ್ಟು ರಾಮಾಯಣ ಆಗ್ತಿತ್ತಾ?” ಎಂದೂ ಅಂದರು. ಅವರು ಕೊನೆಗೂ ನಂಬಿರಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನೂ ಗಾಳಿಸುದ್ದಿ ಎಂದು ಬಿಡುತ್ತಿದ್ದೆ.

ಒಂದಕ್ಕೆ ಇನ್ನೊಂದು ಆಸರೆಯಿರಲಿ ಎಂದು ಮಾಧವಿ ಮಡಕಶಿರದ ತಮ್ಮ ಮನೆಯಲ್ಲೂ ಒಂದು ಯಂತ್ರ ಹೂಡಿದರು. ಶ್ರಾವಣಿ ಕಷ್ಟಪಟ್ಟು ಹೊಂದಿಸಿದ್ದನ್ನೆಲ್ಲ, ಒಂದಕ್ಷರ ಬಿಡದೆ, ಇದ್ದ ಹಾಗೇ ನಕಲು ಮಾಡಿ ಅದಕ್ಕೆ ಹಾಕಿದರು. ಮೊದಲ ರಾತ್ರಿ ಕಳೆಯಿತು. ಬೆಳಿಗ್ಗೆ ಆರಕ್ಕೆ ಶ್ರಾವಣಿಯ ಫೋನು ಬಡಿದುಕೊಂಡಿತು. ಮಾಧವಿ.

“ಶ್ರಾವಣಿ... ಇಲ್ಲೂ ಕೈ ಅಂತ ಬಂದೈತೆ. ಒಂದು ಐವತ್ತೆಂಟು... ನಾನು ಮುಟ್ಟಿಲ್ಲ ಕಣಮ್ಮಿ. ನನ್ನಾಣೆ, ನಾನು ಮುಟ್ಟಿಲ್ಲ.”

ಇವಳು ಅಂದಳು, “ಗೊತ್ತಕ್ಕಾ. ನಾನು ನಂಬ್ತೀನಿ.”

ಆ ವಾರವೇ ನಾನು ಮಡಕಶಿರಕ್ಕೆ ಹೋಗಿದ್ದೆ, ಬೇರೆ ಕೆಲಸಕ್ಕೆ. ಮಾಧವಿಯವರ ಮನೆಗೂ ಹೋದೆ. ಆ ಮನೆಯಲ್ಲಿ ಹೊಲಿಗೆ ಮಿಷನ್ ಇಲ್ಲ, ಬಳಪ ಹಿಡಿಯುವ ಮಕ್ಕಳೂ ಇಲ್ಲ. ಕೀಲಿಮಣೆಯನ್ನು ಅವರು ಆವತ್ತಿನಿಂದ ಒರೆಸಿರಲಿಲ್ಲ. ಎಂಟರ್ ಗುಂಡಿಯ ಮೇಲೆ ಬೆರಳಗಲ ಬಿಳಿ ಪುಡಿ ಇತ್ತು. ಮೂಸಿ ನೋಡಿದೆ, ತಿಕ್ಕಿ ನೋಡಿದೆ. ಜೀನ್ಸ್ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ. ಈ ಕೈಯಿಂದಲೇ ಮುಟ್ಟಿದ್ದೇನೆ.